ಈಡು ತುಂಬುವ ಕೈ

ಕನ್ನಡದಲ್ಲಿ ‘ಈಡು’ ಎಂಬುದು ಬಹಳ ಸಣ್ಣ ಮಾತು. ಆದರೆ ಅದರ ಹೊಟ್ಟೆಯಲ್ಲಿ ಅಡಗಿರುವ ಅರ್ಥಗಳು ಹಲವು. ಸರಿಸಮವಾದದ್ದು ಈಡು, ಸಾಲಕ್ಕೆ ಒತ್ತೆಯಾಗಿಟ್ಟದ್ದೂ ಈಡು. ಬಯಸಿದ್ದು ಕೈಗೂಡಿದರೆ ಈಡೇರಿತೆನ್ನುತ್ತೇವೆ. ಕಷ್ಟಕ್ಕೆ ಸಿಕ್ಕಿದವನು ಅದಕ್ಕೆ ಈಡಾದನೆನ್ನುತ್ತೇವೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಮಾತ್ರ ಆ ಮಾತು ಕಿವಿಗೆ ಬಿದ್ದೊಡನೆ ಮೊದಲು ನೆನಪಾಗುವುದು ಕೋವಿ. ನಳಿಗೆಯೊಳಗೆ ತುಂಬಿದ ಮದ್ದುಗುಂಡೂ ಈಡು. ಅದು ಹಾರಿದಾಗ ಗುಡ್ಡದಿಂದ ಗುಡ್ಡಕ್ಕೆ ಮೊಳಗುವ ಸದ್ದೂ ಈಡು.

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ ಬಂದಿರುವ ನಾನು ಈ ಪದದ ಅರ್ಥಗಳನ್ನು ವಿದ್ಯಾರ್ಥಿಗಳ ಮುಂದೆ ಎಷ್ಟೋ ಸಲ ಬಿಡಿಸಿಟ್ಟಿದ್ದೇನೆ. ಆದರೆ ‘ಈಡು ತುಂಬು’ ಎಂಬ ಪ್ರಯೋಗವನ್ನು ಮಾತ್ರ ಎಂದೂ ಉದಾಹರಣೆಗೆ ಎತ್ತಿಕೊಂಡವನಲ್ಲ. ಅದಕ್ಕೊಂದು ಕಾರಣವಿತ್ತು. ಆ ಕಾರಣವನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಬಂದದ್ದು, ವಾಚಕರಿಗೆ ವಿಚಿತ್ರವೆನಿಸಬಹುದು, ಸಮುದ್ರದಾಚೆ ಒಬ್ಬ ವೃದ್ಧರು ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ.

ನನ್ನ ತಂಗಿಯ ಸಂಸಾರ ಅಮೆರಿಕದ ಐಡಹೋ ಸಂಸ್ಥಾನದ ಬಾಯ್ಸಿ ನಗರದಲ್ಲಿ ನೆಲೆಸಿದೆ. ಕಳೆದ ಬೇಸಗೆಯ ರಜೆಯಲ್ಲಿ ಅವಳ ಒತ್ತಾಯಕ್ಕೆ ಕಟ್ಟುಬಿದ್ದು ನಾನು ಆರು ವಾರ ಅಲ್ಲಿದ್ದೆ. ಪಕ್ಕದ ಮನೆಯವರು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಬೋಧಿಸಿ ನಿವೃತ್ತರಾದವರು; ವಯಸ್ಸು ಎಂಬತ್ತರ ಹತ್ತಿರ. ನಾನೂ ಉಪಾಧ್ಯಾಯನೆಂದು ತಿಳಿದ ಮೇಲೆ ಬೇಲಿಯ ಮೇಲಿನಿಂದಲೇ ಸ್ನೇಹ ಬೆಳೆಸಿದರು. ಒಂದು ಸಂಜೆ, “ಬನ್ನಿ, ನನ್ನ ಪ್ರಯೋಗಶಾಲೆಯನ್ನು ತೋರಿಸುತ್ತೇನೆ” ಎಂದು ಕರೆದೊಯ್ದರು. ಕಾರಿನ ಕೊಟ್ಟಿಗೆಯ ಒಂದು ಮೂಲೆಯಲ್ಲಿ ದಪ್ಪ ಹಲಗೆಯ ಮೇಜು; ಅದಕ್ಕೆ ಬಿಗಿದ, ಉದ್ದ ಹಿಡಿಕೆಯ ಒಂದು ಒತ್ತುಯಂತ್ರ; ಪಕ್ಕದಲ್ಲಿ ಒಂದು ಪುಟ್ಟ ತಕ್ಕಡಿ, ಒಂದು ದಪ್ಪ ಪುಸ್ತಕ, ಒಂದು ನೋಟುಬುಕ್ಕು. ಮರದ ತಟ್ಟೆಯೊಂದರಲ್ಲಿ ಕೊರೆದ ಐವತ್ತು ಗುಳಿಗಳಲ್ಲಿ ಐವತ್ತು ಹಿತ್ತಾಳೆಯ ಚಿಪ್ಪುಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತಿದ್ದವು.

ಆ ಮಹನೀಯರ ಹವ್ಯಾಸ ರೈಫಲ್ಲಿನ ತೋಟಾಗಳನ್ನು ಕೈಯಾರೆ ತುಂಬುವುದು. ಅಮೆರಿಕದಲ್ಲಿ ಇದು ಅಪರೂಪದ ಗೀಳಲ್ಲ. ಅಂಚೆಚೀಟಿ ಕೂಡಿಡುವುದು, ತೋಟಗಾರಿಕೆ ಮಾಡುವುದು ಹೇಗೋ ಹಾಗೆ ಅಲ್ಲಿ ಅನೇಕ ಗೃಹಸ್ಥರು ಸಂಜೆಯ ಹೊತ್ತನ್ನು ಇದರಲ್ಲಿ ಕಳೆಯುತ್ತಾರೆ. ಮದ್ದು, ತೋಟಾ ಎಲ್ಲವೂ ೧೯೫೯ರ ಆಯುಧ ಕಾಯಿದೆಯ ಪರವಾನಗಿಗೆ ಒಳಪಟ್ಟಿರುವ ನಮ್ಮ ದೇಶದವನಿಗೆ ಇದು ಮೊದಲ ನೋಟಕ್ಕೆ ಬೆರಗನ್ನೂ ಸ್ವಲ್ಪ ಅಂಜಿಕೆಯನ್ನೂ ಹುಟ್ಟಿಸಿದರೆ ಆಶ್ಚರ್ಯವಿಲ್ಲ.

ತೋಟಾ ಎಂದರೆ ನಾಲ್ಕು ವಸ್ತುಗಳ ಕೂಟ: ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕೂರುವ ಕೇಪು, ಒಳಗಿನ ಮದ್ದು, ಬಾಯಲ್ಲಿ ಕಚ್ಚಿ ನಿಂತ ಗುಂಡು. ಈಡು ಹಾರಿದಾಗ ಮದ್ದು ಉರಿದುಹೋಗುತ್ತದೆ, ಗುಂಡು ಹಾರಿಹೋಗುತ್ತದೆ, ಕೇಪು ಸಿಡಿದು ನಿರುಪಯುಕ್ತವಾಗುತ್ತದೆ. ಚಿಪ್ಪು ಮಾತ್ರ ಉಳಿಯುತ್ತದೆ. ನಾಲ್ಕರಲ್ಲಿ ಹೆಚ್ಚು ಬೆಲೆಯದು ಅದೇ. ಎಚ್ಚರದಿಂದ ಬಳಸಿದರೆ ಹಲವು ಸಲ ತುಂಬಬಹುದು. ನಮ್ಮ ಅಜ್ಜಿಯರು ಉಪ್ಪಿನಕಾಯಿಯ ಭರಣಿಯನ್ನು ವರ್ಷವರ್ಷವೂ ತೊಳೆದು ತುಂಬುತ್ತಿದ್ದ ನ್ಯಾಯವೇ ಇದು.

ಆದರೆ ತೊಳೆದು ತುಂಬಿದರೆ ಮುಗಿಯಲಿಲ್ಲ. ಸ್ಫೋಟದ ಒತ್ತಡಕ್ಕೆ ಚಿಪ್ಪು ಉಬ್ಬಿ, ಕೋವಿಯ ಗೂಡಿನ ಆಕಾರವನ್ನೇ ತಳೆದಿರುತ್ತದೆ. ಹಿರಿಯರು ಮೊದಲು ಅವುಗಳನ್ನು ಅಕ್ರೋಟಿನ ಓಡಿನ ಪುಡಿಯೊಡನೆ ಒಂದು ಪಾತ್ರೆಯಲ್ಲಿ ಹಾಕಿ, ಯಂತ್ರದಿಂದ ಗಂಟೆಗಟ್ಟಲೆ ಕುಲುಕಿಸಿ ಬೆಳಗಿದರು. ಆಮೇಲೆ ಒಂದೊಂದಕ್ಕೂ ತೆಳ್ಳಗೆ ಜಿಡ್ಡು ಸವರಿ, ಒತ್ತುಯಂತ್ರದ ಉಕ್ಕಿನ ಅಚ್ಚಿನೊಳಕ್ಕೆ ನುಗ್ಗಿಸಿ ಮೊದಲಿನ ಅಳತೆಗೆ ತಂದರು. ಅದೇ ಒತ್ತಿಗೆ ಹಳೆಯ ಕೇಪು ಕಳಚಿ ಕೆಳಗೆ ಬಿತ್ತು. ಬಳಸಿದಷ್ಟೂ ಚಿಪ್ಪಿನ ಕತ್ತು ಉದ್ದವಾಗುತ್ತದೆಯಂತೆ. ಅದನ್ನು ಅಳೆದು, ಹೆಚ್ಚಾದದ್ದನ್ನು ಹೆರೆದರು. ಹೊಸ ಕೇಪು ಕೂರಿಸಿದರು. ಇಷ್ಟಕ್ಕೆ ಒಂದು ಸಂಜೆ ಮುಗಿಯಿತು. ಮದ್ದಿನ ಡಬ್ಬಿಯನ್ನು ಆ ದಿನ ತೆರೆಯಲೇ ಇಲ್ಲ. “ದಣಿದ ಕಣ್ಣು ಮದ್ದನ್ನು ತೂಗಬಾರದು” ಎಂದು ನಾಳೆಗೆ ಇಟ್ಟರು.

ಈ ಹವ್ಯಾಸ ಅಮೆರಿಕದಲ್ಲೇ ಏಕೆ ಇಷ್ಟು ಬೇರುಬಿಟ್ಟಿತೆಂದು ಕೇಳಿದಾಗ ಅವರು ಹೇಳಿದ ಕತೆಯಲ್ಲಿ ಇತಿಹಾಸದ ಒಂದು ತಮಾಷೆಯಿದೆ. ೧೮೬೬ರಲ್ಲಿ ಇಬ್ಬರು ಸೇನಾಧಿಕಾರಿಗಳು ಎರಡು ಬಗೆಯ ಕೇಪುಗಳನ್ನು ರೂಪಿಸಿದರು. ಒಬ್ಬರು ಅಮೆರಿಕದ ಹೈರಮ್ ಬರ್ಡನ್, ಇನ್ನೊಬ್ಬರು ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್. ಬಾಕ್ಸರರ ಪದ್ಧತಿಯಲ್ಲಿ ಚಿಪ್ಪಿನ ಬುಡದ ನಡುವೆ ಒಂದೇ ರಂಧ್ರ. ಒಂದು ಕಡ್ಡಿಯಿಂದ ತಳ್ಳಿದರೆ ಹಳೆಯ ಕೇಪು ಹೊರಬರುತ್ತದೆ. ಬರ್ಡನರ ಪದ್ಧತಿಯಲ್ಲಿ ಕೇಪನ್ನು ಒತ್ತುವ ಅಡಿಗಲ್ಲು ಚಿಪ್ಪಿನ ಅಂಗವೇ. ರಂಧ್ರಗಳು ಪಕ್ಕಕ್ಕೆ ಸರಿದಿರುತ್ತವೆ. ಕೇಪನ್ನು ಕೀಳುವುದು ತ್ರಾಸದ ಕೆಲಸ. ಆಂಗ್ಲನ ಪದ್ಧತಿ ಅಮೆರಿಕದಲ್ಲಿ ನೆಲೆನಿಂತಿತು. ಅಮೆರಿಕನ್ನನ ಪದ್ಧತಿ ಯೂರೋಪಿನಲ್ಲಿ ಹಬ್ಬಿತು. ಬೇರೆಯವರ ಮನೆಯ ಕೂಸು ತಮ್ಮ ಮನೆಯಲ್ಲಿ ಬೆಳೆದುದರಿಂದ ಅಮೆರಿಕನ್ನರಿಗೆ ಖಾಲಿ ಚಿಪ್ಪನ್ನು ಮತ್ತೆ ತುಂಬುವ ದಾರಿ ಸುಗಮವಾಯಿತು.

ಎರಡನೆಯ ಮಹಾಯುದ್ಧದ ಸುತ್ತಿನ ವರ್ಷಗಳು ಈ ದಾರಿಯನ್ನು ಹೆದ್ದಾರಿಯನ್ನಾಗಿ ಮಾಡಿದವು. ಯುದ್ಧಕಾಲದಲ್ಲಿ ಅಂಗಡಿಗಳಲ್ಲಿ ಗುಂಡು ಸಿಗದಾದಾಗ, ೧೯೪೩ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಎಂಬ ಊರಿನ ಫ್ರೆಡ್ ಹಂಟಿಂಗ್‌ಟನ್ ಎಂಬಾತ ತನ್ನ ತಂದೆಯ ಬಟ್ಟೆಯೊಗೆಯುವ ಅಂಗಡಿಯ ಹಿಂಭಾಗದಲ್ಲಿ ಗುಂಡು ರೂಪಿಸುವ ಅಚ್ಚುಗಳನ್ನು ಮಾಡತೊಡಗಿದ. ಯುದ್ಧ ಮುಗಿದ ಮೇಲೆ ಕ್ಯಾನ್ಸಸ್ಸಿನ ಬ್ರೂಸ್ ಹಾಜ್‌ಡನ್ ಎಂಬವನು ಸರ್ಕಾರದಲ್ಲಿ ಮಿಕ್ಕಿದ್ದ ಮದ್ದನ್ನು ಕೊಂಡು, ಹಳೆಯ ರೈಲುಡಬ್ಬಿಯಲ್ಲಿ ಶೇಖರಿಸಿ, ಹವ್ಯಾಸಿಗಳಿಗೆ ಮಾರಿದ. ೧೯೪೯ರಲ್ಲಿ ನೆಬ್ರಾಸ್ಕದ ಜಾಯ್ಸ್ ಹಾರ್ನಡಿ ಗುಂಡುಗಳ ತಯಾರಿಕೆಗೆ ತೊಡಗಿದ. ಹಿತ್ತಲಿನಲ್ಲೋ ಸಣ್ಣ ಕೊಟ್ಟಿಗೆಯಲ್ಲೋ ಹುಟ್ಟಿದ ಇಂಥ ಉದ್ಯೋಗಗಳೇ ಇಂದು ಆ ದೇಶದಲ್ಲಿ ಮನೆಮಾತಾದ ಹೆಸರುಗಳಾಗಿವೆ.

ಮಿತವ್ಯಯಕ್ಕಾಗಿ ಹುಟ್ಟಿದ್ದು ಮಿತವ್ಯಯದಲ್ಲಿ ನಿಲ್ಲಲಿಲ್ಲ. ಕಾರ್ಖಾನೆಯ ತೋಟಾ ಎಲ್ಲ ರೈಫಲ್ಲುಗಳಿಗೂ ಹೊಂದಬೇಕಾದ ತೋಟಾ. ಕೈಯಲ್ಲಿ ತುಂಬಿದ್ದು ಒಂದೇ ರೈಫಲ್ಲಿನ ಗುಣಕ್ಕೆ ಈಡಾಗುವ ತೋಟಾ. ಗುಂಡು ಎಷ್ಟು ಆಳಕ್ಕೆ ಕೂರಬೇಕು, ಯಾವ ಮದ್ದು ಎಷ್ಟಿರಬೇಕು ಎಂಬುದನ್ನು ಹದಗೊಳಿಸುತ್ತ ಹೋದರೆ ಗುರಿಹಲಗೆಯ ಮೇಲೆ ಐದು ಈಡುಗಳು ಒಂದನ್ನೊಂದು ಮುಟ್ಟಿ ಕೂರುತ್ತವೆ. ಮ್ಯಾಸಚೂಸೆಟ್ಸಿನ ವೈದ್ಯ ಫ್ರ್ಯಾಂಕ್ಲಿನ್ ಮ್ಯಾನ್ ಒಂದು ಗುಂಡು ಇನ್ನೊಂದರ ದಾರಿಯಲ್ಲೇ ಏಕೆ ಹೋಗುವುದಿಲ್ಲವೆಂಬ ಪ್ರಶ್ನೆಗೆ ದಶಕಗಳನ್ನು ಸವೆಸಿ, ೧೯೦೯ರಲ್ಲಿ ಅದರ ಬಗ್ಗೆ ಒಂದು ಗ್ರಂಥವನ್ನೇ ಪ್ರಕಟಿಸಿದ. ಒಂದೇ ಪಾಠಾಂತರದ ಹಿಂದೆ ಹತ್ತು ವರ್ಷ ಅಲೆಯುವ ಗ್ರಂಥಸಂಪಾದಕರನ್ನು ಕಂಡ ನನಗೆ ಈ ಹುಚ್ಚು ತೀರ ಅಪರಿಚಿತವೆನಿಸಲಿಲ್ಲ.

ಮಾತಿನ ನಡುವೆ ನಮ್ಮ ದೇಶವೂ ಬಂದಿತು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯದ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಬಿರುಕುಬಿಡುತ್ತಿದ್ದವು. ಯುದ್ಧವಿಲ್ಲದಾಗ ಅವುಗಳನ್ನು ಕುದುರೆಲಾಯಗಳಲ್ಲಿ ಇಡುತ್ತಿದ್ದರಂತೆ. ಕುದುರೆಯ ಮೂತ್ರದಿಂದೇಳುವ ಅಮೋನಿಯ, ಮಳೆಗಾಲದ ತೇವ, ಮತ್ತು ಒತ್ತಿ ರೂಪಿಸಿದಾಗ ಹಿತ್ತಾಳೆಯೊಳಗೇ ಉಳಿದ ಬಿಗಿತ — ಈ ಮೂರು ಕೂಡಿ ಲೋಹವನ್ನು ಸೀಳುತ್ತಿದ್ದವೆಂದು ೧೯೨೧ರಲ್ಲಿ ವಿಜ್ಞಾನಿಗಳು ಖಚಿತಪಡಿಸಿದರು. ಹದವಾಗಿ ಕಾಯಿಸಿದರೆ ಆ ಬಿಗಿತ ಸಡಿಲುತ್ತದೆ. ಹಿರಿಯರು ಚಿಪ್ಪಿನ ಕತ್ತನ್ನು ಕೆಲವು ಕ್ಷಣ ಜ್ವಾಲೆಗೆ ಹಿಡಿದು ತಿರುಗಿಸುತ್ತ, “ಒಳಗೆ ಬಿಗಿತವಿಟ್ಟುಕೊಂಡ ಲೋಹ ಇಂದಲ್ಲ ನಾಳೆ ಒಡೆಯುತ್ತದೆ” ಎಂದರು. ಅವರು ಹಿತ್ತಾಳೆಯ ಮಾತನ್ನೇ ಆಡಿದ್ದರು. ನನಗೆ ಮಾತ್ರ ಎದೆ ಚುರುಕ್ಕೆಂದಿತು.

ಮರುದಿನ ಮದ್ದು ತುಂಬುವ ಕೆಲಸ. ಅದಕ್ಕೆ ಮೊದಲು ಅವರು ಮೇಜನ್ನು ಒರೆಸಿ, ಒಂದೇ ಒಂದು ಡಬ್ಬಿಯನ್ನು ಹೊರತೆಗೆದರು. ಎರಡು ಬಗೆಯ ಮದ್ದು ಎಂದೂ ಒಟ್ಟಿಗೆ ಮೇಜಿನ ಮೇಲೆ ಇರಕೂಡದು. ಬೆಂಕಿ ಕೂಡದು, ಹರಟೆಯೂ ಕೂಡದು. ತೂಕ ಪುಸ್ತಕದಲ್ಲಿ ಅಚ್ಚಾದದ್ದೇ ಆಗಬೇಕು. ಅದರಲ್ಲೂ ಕೆಳಗಿನ ಮಿತಿಯಿಂದ ಆರಂಭಿಸಿ ಅಂಗುಲಂಗುಲವಾಗಿ ಏರಬೇಕು. ಅವರ ರೈಫಲ್ಲು ೧೯೦೬ರಲ್ಲಿ ಅಮೆರಿಕದ ಸೈನ್ಯ ಅಂಗೀಕರಿಸಿದ ‘ಥರ್ಟಿ ಆಟ್ ಸಿಕ್ಸ್’ ತೋಟಾದ್ದು. ಅದರ ಚಿಪ್ಪಿನೊಳಗೆ ಒತ್ತಡ ಚದರ ಅಂಗುಲಕ್ಕೆ ೬೦,೦೦೦ ಪೌಂಡಿನವರೆಗೆ ಏರಬಹುದು. ಆ ಒತ್ತಡ ಬಾಳುವ ಜಾಗ ಹೊಡೆಯುವವನ ಕಣ್ಣಿನಿಂದ ಕೆಲವೇ ಅಂಗುಲ ದೂರ.

ಮದ್ದನ್ನು ತೂಗುವುದು ‘ಗ್ರೇನ್’ ಎಂಬ ಮಾನದಲ್ಲಿ. ಮೂಲದಲ್ಲಿ ಅದು ಒಂದು ಬಾರ್ಲಿಕಾಳಿನ ತೂಕ. ೭,೦೦೦ ಗ್ರೇನಿಗೆ ಒಂದು ಪೌಂಡು. ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ಚಿನ್ನ ತೂಗುತ್ತಿದ್ದರೆಂದೂ, ಒಂದು ಗುಲಗಂಜಿ ಎರಡು ಗ್ರೇನಿಗೆ ತುಸು ಕಡಿಮೆ ತೂಗುತ್ತದೆಂದೂ ನಾನು ಹೇಳಿದಾಗ ಅವರ ಮುಖ ಅರಳಿತು. ಅವರ ತಕ್ಕಡಿ ಗ್ರೇನಿನ ಹತ್ತನೆಯ ಒಂದು ಪಾಲನ್ನೂ ತೋರಿಸುತ್ತಿತ್ತು.

ಐವತ್ತಕ್ಕೂ ಮದ್ದು ಬಿದ್ದ ಮೇಲೆ ಗುಂಡು ಕೂರಿಸುವರೆಂದು ನಾನು ಕಾದೆ. ಅವರು ಕೂರಿಸಲಿಲ್ಲ. ಒಂದು ಪುಟ್ಟ ಬ್ಯಾಟರಿಯನ್ನು ಹಚ್ಚಿ, ತಟ್ಟೆಯ ಮೇಲೆ ಬಗ್ಗಿ, ಒಂದೊಂದೇ ಚಿಪ್ಪಿನ ಬಾಯೊಳಗೆ ಬೆಳಕು ಬಿಟ್ಟು ನೋಡತೊಡಗಿದರು. ಮದ್ದು ಎಲ್ಲದರಲ್ಲೂ ಒಂದೇ ಮಟ್ಟಕ್ಕೆ ನಿಂತಿದೆಯೇ? ಯಾವುದಾದರೂ ಬರಿದಾಗಿ ಉಳಿದಿದೆಯೇ? ಯಾವುದಕ್ಕಾದರೂ ಎರಡು ಸಲ ಬಿದ್ದಿದೆಯೇ? “ಈ ಚಿಪ್ಪಿಗೆ ನಾನು ಆರಿಸಿಕೊಂಡ ಮದ್ದು ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ಎರಡು ಸಲ ಸುರಿದರೆ ಹೊರಚೆಲ್ಲಿ ತಪ್ಪು ತಾನೇ ಕಾಣಿಸಿಕೊಳ್ಳುತ್ತದೆ. ಆದರೂ ನೋಡುತ್ತೇನೆ. ಚೆಲ್ಲದೆ ಒಳಗೇ ಅಡಗುವ ತಪ್ಪೇ ಅಪಾಯದ್ದು” ಎಂದರು.

ನಾನು ಕುಳಿತಲ್ಲೇ ಬೆವತೆ.

ನನಗಾಗ ಹನ್ನೊಂದು ವರ್ಷ, ತಂಗಿಗೆ ಏಳು. ನಮ್ಮ ಮನೆಯಲ್ಲಿ ಬೆಳೆಯ ರಕ್ಷಣೆಗೆಂದು ಚಿಕ್ಕಪ್ಪನವರ ಹೆಸರಿನಲ್ಲಿ ಪರವಾನಗಿ ಪಡೆದ ಒಂದು ಕೇಪಿನ ಕೋವಿಯಿತ್ತು. ಚಿಪ್ಪು ಗಿಪ್ಪು ಇಲ್ಲದ ಹಳೆಯ ಕಾಲದ ಕೋವಿ. ಬಾಯಿಂದ ಮದ್ದು ಸುರಿದು, ತೆಂಗಿನ ಕತ್ತದ ಉಂಡೆಯನ್ನು ಗಜದಿಂದ ಜಡಿದು, ಮೇಲೆ ಚರೆ ಹಾಕಿ ಮತ್ತೆ ಜಡಿಯಬೇಕು. ಗಜವೆಂದರೆ ಈಡು ಜಡಿಯುವ ಸಲಾಕೆ. ಅದಕ್ಕೆ ಇನ್ನೊಂದು ಉಪಯೋಗವೂ ಉಂಟು. ಬರಿಯ ನಳಿಗೆಗೆ ಇಳಿಸಿದರೆ ಅದು ಬುಡ ಮುಟ್ಟಿ ‘ಟಣ್’ ಎನ್ನುತ್ತದೆ. ಒಳಗೆ ಈಡಿದ್ದರೆ ಸದ್ದು ಮಂದವಾಗಿ, ಗಜದ ತುದಿ ಅಷ್ಟುದ್ದ ಹೊರಗೆ ಉಳಿಯುತ್ತದೆ. ಚಿಕ್ಕಪ್ಪನವರು ಈಡು ತುಂಬುವಾಗ ಮದ್ದಿನ ಅಳತೆಯನ್ನು ಎತ್ತಿಕೊಡುವ ಕೆಲಸ ನನ್ನದಾಗಿತ್ತು. ಹಾಗೆ ನೋಡಿ ನೋಡಿ ಎಲ್ಲವನ್ನೂ ಕಲಿತಿದ್ದೆ. ಕಲಿತದ್ದನ್ನು ತೋರಿಸಲು ನನಗೆ ತಂಗಿಯಲ್ಲದೆ ಬೇರೆ ಸಭೆಯಿರಲಿಲ್ಲ.

ಭತ್ತ ತೆನೆಗಟ್ಟಿದ ಕಾಲ. ಒಂದು ಮಧ್ಯಾಹ್ನ ಹಿರಿಯರೆಲ್ಲ ತೋಟಕ್ಕೆ ಹೋಗಿದ್ದಾಗ ಜಗಲಿಯ ಮೂಲೆಯಿಂದ ಕೋವಿಯನ್ನಿಳಿಸಿ, ಅವಳ ಕಣ್ಣೆದುರಿಗೆ ಕ್ರಮವಾಗಿ ಈಡು ತುಂಬಿದೆ. ಕೇಪು ಇಡಲಿಲ್ಲ, ಅಷ್ಟು ಭಯವಿತ್ತು. ತುಂಬಿದ್ದನ್ನು ಹೊರತೆಗೆಯುವುದು ಹೇಗೆಂದು ಯೋಚಿಸುವಷ್ಟರಲ್ಲಿ ಅಂಗಳದಲ್ಲಿ ಅಮ್ಮನ ದನಿ ಕೇಳಿಸಿತು. ಕೋವಿ ಇದ್ದಲ್ಲಿಗೇ ಹೋಯಿತು. ಆ ರಾತ್ರಿ ಗದ್ದೆಗೆ ಹಂದಿ ಇಳಿದವು. ನಿದ್ದೆಗಣ್ಣಿನಲ್ಲಿ ಎದ್ದ ಚಿಕ್ಕಪ್ಪನವರು ಬೆದರುಗುಂಡು ಹಾರಿಸಲೆಂದು ಕತ್ತಲಲ್ಲೇ ಈಡು ತುಂಬಿಕೊಂಡು ಓಡಿದರು. ನಾನು ಎಚ್ಚರವಾಗಿಯೇ ಇದ್ದೆ. ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಬೈಗುಳದ ಹೆದರಿಕೆ ಬಾಯಿ ಮುಚ್ಚಿಸಿತು. ಸ್ವಲ್ಪ ಹೊತ್ತಿಗೆ ಗದ್ದೆಯ ಕಡೆಯಿಂದ ಕೇಳಿದ್ದು ಎಂದಿನ ಈಡಿನ ಸದ್ದಾಗಿರಲಿಲ್ಲ.

ನಳಿಗೆ ಬುಡದ ಹತ್ತಿರ ಸೀಳಿತ್ತು. ಚಿಕ್ಕಪ್ಪನವರ ಎಡಗೈಯ ಎರಡು ಬೆರಳುಗಳು ಹೋದವು. ಹಳೆಯ ಕೋವಿ, ತುಕ್ಕು ತಿಂದಿತ್ತು ಎಂದು ಊರೆಲ್ಲ ಹೇಳಿತು, ಮನೆಯೂ ಒಪ್ಪಿತು. ತಂಗಿ ಒಂದು ಮಾತೂ ಆಡಲಿಲ್ಲ. ಮೂವತ್ತೈದು ವರ್ಷ ನಾವಿಬ್ಬರೂ ಆ ತುಕ್ಕಿನ ಮರೆಯಲ್ಲೇ ಬಾಳಿದೆವು.

ಪರದೇಶದ ಆ ಕೊಟ್ಟಿಗೆಯಲ್ಲಿ, ಪರಭಾಷೆಯಲ್ಲಿ, ನಾನು ಇದನ್ನು ಮೊದಲ ಬಾರಿಗೆ ಹೇಳಿದೆ. ಆ ವೃದ್ಧರು ಸಮಾಧಾನದ ಮಾತಾಡಲಿಲ್ಲ. ಬ್ಯಾಟರಿಯನ್ನು ಆರಿಸಿ, ತಮ್ಮ ನೋಟುಬುಕ್ಕನ್ನು ನನ್ನ ಮುಂದೆ ತೆರೆದಿಟ್ಟರು. ಐವತ್ತು ವರ್ಷಗಳ ಲೆಕ್ಕ: ದಿನಾಂಕ, ಮದ್ದಿನ ಹೆಸರು, ತೂಕ, ಚಿಪ್ಪು ಎಷ್ಟನೆಯ ಸಲದ್ದು, ಫಲವೇನು. ನಡುನಡುವೆ ಕೆಂಪು ಶಾಯಿಯಲ್ಲಿ ಅವರ ತಪ್ಪುಗಳು: ಇಂಥ ದಿನ ಕೇಪು ಚಪ್ಪಟೆಯಾಯಿತು, ಮದ್ದು ಹೆಚ್ಚಾಗಿದೆ; ಇಂಥ ದಿನ ಎರಡು ಚಿಪ್ಪು ಬರಿದೇ ಉಳಿದಿದ್ದವು, ಗಮನ ಬೇರೆಡೆ ಇತ್ತು. “ಬೇರೆಯವರು ತುಂಬಿದ ತೋಟಾವನ್ನು ನಾನು ಹೊಡೆಯುವುದಿಲ್ಲ, ನಾನು ತುಂಬಿದ್ದನ್ನು ಬೇರೆಯವರಿಗೆ ಕೊಡುವುದಿಲ್ಲ. ಈ ಕೆಲಸ ಮಾಡುವವರಲ್ಲಿ ಇದು ಹಳೆಯ ಕಟ್ಟಳೆ. ತುಂಬಿದ ಕೈಯೇ ಅದಕ್ಕೆ ಉತ್ತರ ಹೇಳಬೇಕು” ಎಂದಷ್ಟೇ ಹೇಳಿದರು.

ಬಂದೂಕಿನಿಂದ ಆ ದೇಶ ಪಡುತ್ತಿರುವ ಸಂಕಟ ಲೋಕಕ್ಕೆಲ್ಲ ಗೊತ್ತು. ಅದನ್ನೂ ನಾನು ಕೇಳದೆ ಇರಲಿಲ್ಲ. ಪಾಠ ಹೇಳಿದ ಶಾಲೆಯ ಬಾಗಿಲಿಗೆ ಈಚಿನ ವರ್ಷಗಳಲ್ಲಿ ಹಾಕಿರುವ ಬೀಗಗಳನ್ನು ನೆನೆದು ಅವರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಹವ್ಯಾಸ ಆ ಪ್ರಶ್ನೆಗೆ ಉತ್ತರವಲ್ಲ. ಉತ್ತರವೆಂದು ಅವರು ಹೇಳಲೂ ಇಲ್ಲ. ಒಂದು ಬೆರಳನ್ನು ಮಡಿಸಿದರೆ ಸಾವು ಹಾರುವ ವಸ್ತುವಿನ ಹಿಂದೆ ಎಷ್ಟು ಸಂಜೆಗಳ ಎಚ್ಚರ ಇರಬೇಕೆಂಬುದನ್ನು ಮಾತ್ರ ನಾನು ಆ ಮೇಜಿನ ಮುಂದೆ ಕಂಡೆ.

ಊರಿಗೆ ಮರಳಿದವನು ಮಾಡಿದ ಮೊದಲ ಕೆಲಸ ಚಿಕ್ಕಪ್ಪನವರನ್ನು ನೋಡಲು ಹೋದದ್ದು. ಅಡಕೆಯ ಕೊಯ್ಲು ಆಗಿರಲಿಲ್ಲ. ಮುಂಬರುವ ಸುಗ್ಗಿಗೆಂದು ಅವರು ಜಗಲಿಯಲ್ಲಿ ಕುಳಿತು ಮೆಟ್ಟುಗತ್ತಿಯನ್ನು ಮಸೆಯುತ್ತಿದ್ದರು. ಮೂರೇ ಬೆರಳಿನ ಆ ಎಡಗೈ ಕತ್ತಿಯ ಬೆನ್ನನ್ನು ಹಿಡಿದಿತ್ತು. ನಾನು ಪೀಠಿಕೆಯಿಲ್ಲದೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕತ್ತಿಯ ಅಲಗನ್ನು ಉಗುರಿನ ಮೇಲೆ ಪರೀಕ್ಷಿಸಿ ಕೆಳಗಿಟ್ಟರು.

“ನೀನು ತುಂಬಿದ್ದೆ, ಸೈ. ಗಜ ಇಳಿಸಿ ನೋಡ್ದೆ ಅದರ ಮೇಲೆ ಮತ್ತೆ ಈಡು ತುಂಬಿದ್ದು ಯಾರು? ನಾನಲ್ವೇನೋ ಮಾರಾಯ?”

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು:

“ಆ ಮೇಷ್ಟ್ರು ಐವತ್ತು ತೋಟಾನೂ ಒಂದೊಂದಾಗಿ ಬಗ್ಗಿ ನೋಡ್ತಾರಾ?”

“ನೋಡುತ್ತಾರೆ, ಚಿಕ್ಕಪ್ಪ.”

“ಹಂಗಾದ್ರೆ ಅವರ ಬೆರಳು ಹತ್ತೂ ಇರ್ಬೇಕು” ಎಂದು ನಕ್ಕು, ಮತ್ತೆ ಕತ್ತಿಯನ್ನು ಕೈಗೆತ್ತಿಕೊಂಡರು.

ಆ ರಾತ್ರಿ ತಂಗಿಗೆ ಫೋನು ಮಾಡಿದೆ. ಹೇಳಿದೆನೆಂದು ತಿಳಿಸಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು:

“ಬೈದರಾ, ಅಣ್ಣಾ?”

“ಇಲ್ಲ.”

“ಬೈದಿದ್ದರೆ ಚೆನ್ನಾಗಿತ್ತು” ಎಂದಳು.